ಹೆಸರಿನ ಪಟ್ಟಿ ಕೇಳುವ ಮುನ್ನ

ಕಳೆದ ಶ್ರಾವಣದ ಒಂದು ಸಂಜೆ ಮಠದಲ್ಲಿ ಪ್ರವಚನ ಕೇಳಿಕೊಂಡು ಮನೆಗೆ ಬಂದೆ. ಕಟ್ಟೆಯ ಮೇಲೆ ಇಬ್ಬರು ವಿದ್ಯಾರ್ಥಿಗಳು ಕಾಯುತ್ತ ಕುಳಿತಿದ್ದರು. ಒಬ್ಬಳು ನನ್ನ ಹಳೆಯ ಶಿಷ್ಯನ ಮಗಳು, ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಳೆ. ಜೊತೆಗಿದ್ದ ಹುಡುಗನನ್ನು ನಾನು ಮೊದಲು ನೋಡಿರಲಿಲ್ಲ. ಅವನು ತನ್ನ ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಚಹಾ ಬಂತು. ಆರುವವರೆಗೂ ಇಬ್ಬರೂ ಮುಟ್ಟಲಿಲ್ಲ. ಕೊನೆಗೆ ಹುಡುಗಿ ಚೀಲದಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟಳು. ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿ ಸಂಘ ಕಟ್ಟುವವರು ತುಂಬಿಕೊಡಬೇಕಾದ ಅರ್ಜಿ ಅದು. ಸಂಘದ ಉದ್ದೇಶ ಎಂಬಲ್ಲಿ 'ಎಲ್‌ಜಿಬಿಟಿ ವಿದ್ಯಾರ್ಥಿಗಳಿಗೆ ಪರಸ್ಪರ ನೆರವು' ಎಂದು ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ಅದರ ಕೆಳಗೆ ಹತ್ತು ಸಾಲು. ಸದಸ್ಯರ ಹೆಸರು, ರೋಲ್ ನಂಬರು, ಸಹಿ. ಹತ್ತೂ ಖಾಲಿ.

"ಮಂದಿ ಇಲ್ಲಂತಲ್ರಿ ಸರ. ಇನ್‌ಸ್ಟಾಗ್ರಾಂನಾಗ ಪೇಜ್ ಮಾಡಿ ನಾಲ್ಕು ತಿಂಗಳಾತು, ಅಲ್ಲೆ ಮಾತಾಡ್ತಾರ. ಈ ಹಾಳಿಮ್ಯಾಲೆ ಹೆಸರು ಬರಿ ಅಂದ್ರ ಯಾರೂ ಬರಿಯೂದಿಲ್ಲ. ಬರದ ಮ್ಯಾಲೆ ಇದು ಯಾರ್ಯಾರ ಕೈಗೆ ಹೋಗ್ತದೋ ಏನೋ."

ಎಲ್‌ಜಿಬಿಟಿ ಎಂಬ ನಾಲ್ಕಕ್ಷರ ನಮ್ಮ ಓದುಗರಲ್ಲಿ ಕೆಲವರಿಗೆ ಹೊಸದಿರಬಹುದು. ಹೆಣ್ಣನ್ನು ಪ್ರೀತಿಸುವ ಹೆಣ್ಣು, ಗಂಡನ್ನು ಪ್ರೀತಿಸುವ ಗಂಡು, ಇಬ್ಬರಲ್ಲಿ ಯಾರನ್ನಾದರೂ ಪ್ರೀತಿಸಬಲ್ಲವರು, ಹುಟ್ಟಿನಲ್ಲಿ ಬರೆಸಿದ ಲಿಂಗಕ್ಕಿಂತ ಬೇರೆಯಾಗಿ ತಮ್ಮನ್ನು ಅರಿತುಕೊಂಡವರು, ಈ ನಾಲ್ಕು ಬಗೆಯವರನ್ನು ಒಟ್ಟಾಗಿ ಹೇಳುವ ಮಾತು ಅದು. ಲೈಂಗಿಕ ಅಲ್ಪಸಂಖ್ಯಾತರು ಎಂದು ಕನ್ನಡದ ಪತ್ರಿಕೆಗಳು ಬರೆಯುತ್ತವೆ. ನಾನು ನಿವೃತ್ತನಾಗಿದ್ದರೂ ಕಾಲೇಜಿನ ಸಲಹಾ ಸಮಿತಿಯಲ್ಲಿದ್ದೇನೆ. ಅದಕ್ಕಾಗಿಯೇ ಆ ಮಕ್ಕಳು ನನ್ನ ಬಾಗಿಲಿಗೆ ಬಂದಿದ್ದರು.

ವಿಷಯವನ್ನು ಸಮಿತಿಯ ಸಭೆಯಲ್ಲಿ ಇಟ್ಟೆ. ಯಾರ ಹೆಸರನ್ನೂ ಹೇಳದೆ, ಇಂಥದೊಂದು ಅರ್ಜಿ ಬರಬಹುದು ಎಂದಷ್ಟೇ ಹೇಳಿದೆ. ಹಿರಿಯ ಸದಸ್ಯರೊಬ್ಬರು ತಡೆಯಲಿಲ್ಲ. "ಎಲ್ಲಾ ಆ ಮೊಬೈಲ್ ಮಾಡಿದ್ದು. ಓದಲಿಕ್ಕೆ ಅಂತ ಕೊಡಿಸಿದಿವಿ, ಇದನ್ನ ಕಲತ್ರು," ಎಂದರು. ಇನ್ನೊಬ್ಬರು ಅರ್ಜಿ ಬರಲಿ, ನಿಯಮದಂತೆ ಪಟ್ಟಿ ಇಲ್ಲದಿದ್ದರೆ ತಾನೇ ಬಿದ್ದುಹೋಗುತ್ತದೆ ಎಂದರು. ಮೊದಲು ಮಾತಾಡಿದವರು ಕೆಟ್ಟವರಲ್ಲ. ಬಡ ಮಕ್ಕಳ ಶುಲ್ಕವನ್ನು ಯಾರಿಗೂ ಹೇಳದೆ ಕಟ್ಟುವವರು. ಹತ್ತು ವರ್ಷಗಳ ಹಿಂದೆ ನನ್ನ ಅಭಿಪ್ರಾಯವೂ ಅವರದೇ ಆಗಿತ್ತು. ಅದನ್ನು ಸಭೆಯಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ, ಇಲ್ಲಿ ಹೇಳುತ್ತೇನೆ.

2014ರ ಮಾತು. ಆಗ ನಾನು ಬೇರೊಂದು ಊರಿನ ಕಾಲೇಜಿನ ವಸತಿ ನಿಲಯಕ್ಕೆ ವಾರ್ಡನ್ ಆಗಿದ್ದೆ. ಒಂದು ರಾತ್ರಿ ಊಟದ ನಂತರ ಇಬ್ಬರು ಹುಡುಗರು ಮೊಬೈಲ್ ಹಿಡಿದುಕೊಂಡು ನನ್ನ ಕೋಣೆಗೆ ಬಂದರು. ತಮ್ಮ ರೂಮಿನವನೇ ಆದ ಬಿ.ಎ. ಹುಡುಗ ಫೇಸ್‌ಬುಕ್‌ನಲ್ಲಿ ಬೇರೆ ಹೆಸರಿನ ಖಾತೆ ತೆರೆದಿದ್ದಾನೆ, ನೋಡಿ ಸರ್ ಏನೇನು ಬರೆದಿದ್ದಾನೆ ಎಂದು ತೋರಿಸಿದರು. ನೋಡಿದೆ. ಈಗ ನೆನೆದರೆ ಅದರಲ್ಲಿ ಏನೂ ಇರಲಿಲ್ಲ. ನನ್ನಂಥವರು ಈ ಊರಲ್ಲಿ ಯಾರಾದರೂ ಇದ್ದೀರಾ, ಸಿನಿಮಾಕ್ಕೋ ಕೆರೆಯ ದಂಡೆಗೋ ಜೊತೆಗೆ ಹೋಗಬಹುದೇ ಎಂದು ಕೇಳಿದ್ದ. ಅಷ್ಟೇ. ನಾನು ಅವನನ್ನು ಕರೆಸಿದೆ. ಅವನು ಅಲ್ಲಗಳೆಯಲಿಲ್ಲ. "ಮನಿಗೆ ಫೋನ್ ಮಾಡಬ್ಯಾಡ್ರಿ ಸರ, ರೂಮ್ ಬಿಡು ಅಂದ್ರ ಬಿಡ್ತೀನಿ, ಮನಿಗೆ ಮಾತ್ರ ಬ್ಯಾಡ್ರಿ" ಎಂದು ಕಾಲು ಹಿಡಿದ. ನಾನು ಫೋನ್ ಮಾಡಿದೆ. ತಂದೆಗೆ ತಿಳಿಸುವುದು ವಾರ್ಡನ್ನನ ಧರ್ಮ ಎಂದು ಆ ರಾತ್ರಿ ನಿಜವಾಗಿಯೂ ನಂಬಿದ್ದೆ. ಹಿಂದಿನ ವರ್ಷದ ಡಿಸೆಂಬರಿನಲ್ಲಷ್ಟೇ ಸುಪ್ರೀಂ ಕೋರ್ಟು 377ನೆಯ ಕಲಮನ್ನು ಎತ್ತಿಹಿಡಿದಿತ್ತು, ಹಾಗಾಗಿ ಕಾನೂನೂ ನನ್ನ ಕಡೆಗಿದೆ ಎಂಬ ಧೈರ್ಯ ಬೇರೆ.

ತಂದೆ ಬೆಳಗಿನ ಮೊದಲ ಬಸ್ಸಿಗೆ ಬಂದರು. ಮಗನ ಟ್ರಂಕನ್ನು ತಾವೇ ಹೊತ್ತುಕೊಂಡು ಹೋದರು. ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಹುಡುಗ ಪರೀಕ್ಷೆಗೆ ಬರಲಿಲ್ಲ. ಎರಡು ವರ್ಷದ ನಂತರ ಜಾತ್ರೆಯೊಂದರಲ್ಲಿ ಅವನ ತಾಯಿ ನನ್ನನ್ನು ಗುರುತು ಹಿಡಿದು ನಿಲ್ಲಿಸಿದರು. "ನನ್ನ ಮಗ ಏನ ತಪ್ಪ ಮಾಡಿದ್ದಾರೀ ಸರ? ಅವರಪ್ಪ ಹೇಳವಲ್ರು, ಅವನೂ ಹೇಳವಲ್ಲ. ಈಗ ಮನಿಗೂ ಬರೂದಿಲ್ಲ." ನಾನು ಏನೋ ಹಾಜರಾತಿಯ ವಿಷಯ ಎಂದು ಸುಳ್ಳು ಹೇಳಿ ಜನಜಂಗುಳಿಯಲ್ಲಿ ಜಾರಿಕೊಂಡೆ.

ಹಾಗಾಗಿ ಮೊಬೈಲ್ ಕೆಡಿಸಿತು ಎಂಬ ಮಾತು ಕೇಳಿದಾಗ ನನಗೆ ಆ ಟ್ರಂಕು ಕಣ್ಣ ಮುಂದೆ ಬರುತ್ತದೆ. ಆ ಹುಡುಗನನ್ನು ಮೊಬೈಲ್ ಹಾಗೆ ಮಾಡಿರಲಿಲ್ಲ. ಅವನು ಹಾಗೆಯೇ ಇದ್ದ. ಕೇಳಲು ಬೇರೆ ಜಾಗ ಇಲ್ಲದ್ದಕ್ಕೆ ಅಲ್ಲಿ ಕೇಳಿದ. ಬೇರೆ ಮಕ್ಕಳ ಕಷ್ಟಕ್ಕೂ ಇವರ ಕಷ್ಟಕ್ಕೂ ಒಂದು ವ್ಯತ್ಯಾಸವಿದೆ, ಅದು ನನಗೆ ಹೊಳೆಯಲು ಬಹಳ ವರ್ಷ ಬೇಕಾಯಿತು. ಜಾತಿಯ ಕಾರಣಕ್ಕೆ ಕಾಲೇಜಿನಲ್ಲಿ ಅವಮಾನವಾದ ಮಗು ಸಂಜೆ ಮನೆಗೆ ಹೋಗಿ ಅಳಬಹುದು. ಅವ್ವ ಅಪ್ಪ ಇಬ್ಬರೂ ಅದೇ ನೋವು ಉಂಡವರು, ತಲೆ ಸವರುತ್ತಾರೆ. ಬಡತನದ ಮಾತೂ ಹಾಗೆಯೇ, ಅದು ಮನೆಮಂದಿಯೆಲ್ಲರ ಪಾಲು. ಈ ಮಗು ಮಾತ್ರ ತನ್ನ ಮನೆಯೊಳಗೇ ಅಲ್ಪಸಂಖ್ಯಾತ. ಅಣ್ಣನಿಗೆ ಹೇಳುವಂತಿಲ್ಲ, ಅಜ್ಜಿಗೆ ಹೇಳುವಂತಿಲ್ಲ, ಸ್ನೇಹಿತನಿಗೆ ಹೇಳಿದರೆ ಸ್ನೇಹ ಉಳಿಯುವ ಭರವಸೆಯಿಲ್ಲ. ನಮ್ಮ ಕಾಲೇಜಿನಲ್ಲಿ ಕನ್ನಡ ಸಂಘವಿದೆ, ಗಣೇಶೋತ್ಸವ ಸಮಿತಿಯಿದೆ, ಚಾರಣದ ಬಳಗವಿದೆ. ಇವರೆಲ್ಲ ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿ ಸದಸ್ಯರನ್ನು ಕರೆಯುತ್ತಾರೆ. ಈ ಸಂಘದ ಚೀಟಿಯನ್ನು ಓದುತ್ತ ನಿಂತವರನ್ನೂ ನಾಲ್ಕು ಕಣ್ಣು ನೋಡುತ್ತವೆ. ಫೋನಿನ ಪರದೆಯನ್ನಾದರೆ ಹೊದಿಕೆಯೊಳಗೆ ಓದಬಹುದು.

ಆದರೆ ಅದೇ ಪರದೆ ಕೈಕೊಡುವುದೂ ಉಂಟು. ಇದನ್ನು ಆ ಮಕ್ಕಳಿಗೂ ಹೇಳಿದೆ. ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ, ಆಸ್ಟಿನ್ ನಗರದಲ್ಲಿ, ಇಂಥ ವಿದ್ಯಾರ್ಥಿಗಳ ಒಂದು ಹಾಡುಗಾರರ ತಂಡವಿತ್ತು. ಹೊಸದಾಗಿ ಸೇರಿದ ಇಬ್ಬರನ್ನು ತಂಡದ ಮುಖ್ಯಸ್ಥ ಫೇಸ್‌ಬುಕ್ಕಿನ ಗುಂಪಿಗೆ ಸೇರಿಸಿಕೊಂಡ. ಒಳ್ಳೆಯ ಮನಸ್ಸಿನಿಂದಲೇ ಸೇರಿಸಿದ. ಆ ಇಬ್ಬರೂ ತಂದೆಯರಿಗೆ ಕಾಣದಂತೆ ತಮ್ಮ ಖಾತೆಗೆ ಬಿಗಿ ಬೀಗ ಹಾಕಿಕೊಂಡಿದ್ದರು. ಗುಂಪು ಮಾತ್ರ ಎಲ್ಲರಿಗೂ ತೆರೆದ ಗುಂಪು. ಫಲಾನಾ ವ್ಯಕ್ತಿ ಈ ಗುಂಪಿಗೆ ಸೇರಿದ್ದಾರೆ ಎಂಬ ಸುದ್ದಿಯನ್ನು ಫೇಸ್‌ಬುಕ್ ತಾನಾಗಿಯೇ ಅವರ ಪರಿಚಯದವರಿಗೆಲ್ಲ ಕಳಿಸಿತು, ತಂದೆಯರಿಗೂ ಕಳಿಸಿತು. 2012ರ ಅಕ್ಟೋಬರಿನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಇದನ್ನು ವರದಿ ಮಾಡಿತು. ನನ್ನ ವಸತಿ ನಿಲಯದಲ್ಲಿ ಆ ಕೆಲಸವನ್ನು ಮಾಡಲು ಇಬ್ಬರು ರೂಮ್‌ಮೇಟುಗಳೂ ಒಬ್ಬ ವಾರ್ಡನ್ನೂ ಬೇಕಾದರು, ಅಲ್ಲಿ ಯಂತ್ರವೊಂದೇ ಸಾಕಾಯಿತು.

ಹುಡುಗಿ ನಕ್ಕಳು. "ಗೊತ್ತದರೀ ಸರ, ನಾವು ಯಾರನ್ನೂ ಸೇರಸೂದಿಲ್ಲ, ಅವ್ರಾಗೆ ಬರಬೇಕು." ಆಮೇಲೆ ತಾವು ಮಾಡಿಕೊಂಡ ಕಟ್ಟುಪಾಡುಗಳನ್ನು ವಿವರಿಸಿದಳು. ನಾನು ಬೆರಗಾದೆ. ನಮ್ಮ ಸಮಿತಿಗೂ ಇಷ್ಟು ವಿವೇಕವಿಲ್ಲ. ವಾಟ್ಸಾಪ್ ಗುಂಪು ಮಾಡಿಲ್ಲ, ಏಕೆಂದರೆ ಅದರಲ್ಲಿ ಸೇರಿದವರ ಫೋನ್ ನಂಬರು ಉಳಿದವರಿಗೆಲ್ಲ ಕಾಣುತ್ತದೆ, ನಂಬರಿನಿಂದ ಮನುಷ್ಯ ಸಿಕ್ಕುತ್ತಾನೆ. ಇನ್‌ಸ್ಟಾಗ್ರಾಂ ಪೇಜಿಗೆ ಯಾರ ಸ್ವಂತ ನಂಬರನ್ನೂ ಜೋಡಿಸಿಲ್ಲ, ಫೋನಿನಲ್ಲಿರುವ ಹೆಸರುಗಳನ್ನು ಓದಿಕೊಳ್ಳುವ ಅನುಮತಿಯನ್ನೂ ಅದಕ್ಕೆ ಕೊಟ್ಟಿಲ್ಲ. ಪೇಜನ್ನು ಫಾಲೋ ಮಾಡಿದರೆ ಆ ಪಟ್ಟಿ ಊರಿಗೆಲ್ಲ ಕಾಣುತ್ತದೆಂದು ಮೊದಲ ಬರಹದಲ್ಲೇ ಎಚ್ಚರಿಸಿದ್ದಾರೆ: ಫಾಲೋ ಮಾಡಬೇಡಿ, ಬಂದು ಓದಿ ಹೋಗಿ, ಬೇಕೆನಿಸಿದರೆ ಸಂದೇಶ ಕಳಿಸಿ. ಭೇಟಿಯಾದಾಗ ಫೋಟೋ ಇಲ್ಲ. ಮೊದಲ ಭೇಟಿ ಗ್ರಂಥಾಲಯದ ಮುಂದಿನ ಬೆಂಚಿನ ಮೇಲೆ, ಹಗಲು ಹೊತ್ತಿನಲ್ಲಿ, ಎಲ್ಲರ ಕಣ್ಣೆದುರು. ಇಬ್ಬರು ವಿದ್ಯಾರ್ಥಿಗಳು ಬೆಂಚಿನ ಮೇಲೆ ಕುಳಿತು ಮಾತಾಡಿದರೆ ಯಾರು ಏನು ತಿಳಿದಾರು?

ಒಮ್ಮೆ ಸಿಕ್ಕಿಬೀಳುವುದರಲ್ಲಿದ್ದರಂತೆ. ಯಾರೋ ಒಬ್ಬ ತಾನೂ ಅಂಥವನೇ ಎಂದು ಸಂದೇಶ ಕಳಿಸಿದ. ಎರಡನೆಯ ಸಂದೇಶದಲ್ಲೇ ನಿನ್ನ ಹೆಸರೇನು, ಯಾವ ರೂಮು ಎಂದು ಕೇಳಿದ. ಹುಡುಗಿಗೆ ಅನುಮಾನ ಬಂದು ಉತ್ತರಿಸಲಿಲ್ಲ. ಆಮೇಲೆ ತಿಳಿಯಿತು, ಅದು ಸ್ಕ್ರೀನ್‌ಶಾಟ್ ಹಿಡಿದು ಹಂಚಲು ಹೊಂಚುಹಾಕಿದ್ದ ಹಿರಿಯ ವಿದ್ಯಾರ್ಥಿಯ ಕಿತಾಪತಿ. ಅಂದಿನಿಂದ ಅವರದೊಂದು ನಿಯಮ: ಮೊದಲು ಹೆಸರು ಕೇಳಿದವರಿಗೆ ಉತ್ತರವಿಲ್ಲ. ಇದನ್ನು ಕೇಳಿ ನಾನು ಮೇಜಿನ ಮೇಲಿದ್ದ ಕಾಲೇಜಿನ ಅರ್ಜಿಯನ್ನು ನೋಡಿದೆ. ಅದೂ ಮೊದಲು ಹೆಸರನ್ನೇ ಕೇಳುತ್ತಿತ್ತು.

ಕನ್ನಡದ ವಿಷಯವನ್ನೂ ಹೇಳಬೇಕು. ಮೊದಮೊದಲು ಅವರ ಪೇಜು ಪೂರ್ತಿ ಇಂಗ್ಲಿಷಿನಲ್ಲಿತ್ತು, ಬಂದವರೂ ನಗರದಿಂದ ಬಂದ ಮಕ್ಕಳೇ. ಹಳ್ಳಿಯ ಮಕ್ಕಳಿಗಾಗಿ ಕನ್ನಡದಲ್ಲಿ ಬರೆಯಹೊರಟರೆ ಮಾತು ಸಿಗಲಿಲ್ಲವಂತೆ. ಬೈಗುಳಕ್ಕೆ ನಮ್ಮಲ್ಲಿ ಬರವಿಲ್ಲ, ಗೌರವದ ಮಾತಿಗೆ ಬರ. ಪತ್ರಿಕೆಗಳಲ್ಲಿ ಬರುವ 'ಸಲಿಂಗಕಾಮ' ಎಂಬ ಮಾತು ಅವರಿಗೆ ಬೇಡ. ಗಂಡು ಹೆಣ್ಣಿನ ಮದುವೆಯನ್ನು ಯಾರಾದರೂ ಭಿನ್ನಲಿಂಗಕಾಮ ಎಂದು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಾರೆಯೇ ಸರ್ ಎಂದು ಕೇಳಿದ್ದು ಹೆಸರು ಹೇಳದ ಆ ಹುಡುಗ. ಅಲ್ಲಿಯವರೆಗೆ ಅವನು ಆಡಿದ್ದ ಮೊದಲ ಮಾತು ಅದೇ. ನನಗೆ ಉತ್ತರ ತೋಚಲಿಲ್ಲ, ನಾಲ್ವತ್ತು ವರ್ಷ ಕನ್ನಡ ಪಾಠ ಮಾಡಿದ್ದು ಯಾತಕ್ಕೆ ಬಂತು ಎನಿಸಿತು. ಹುಡುಗಿ 'ನೀವು ಒಬ್ಬಂಟಿಯಲ್ಲ' ಎಂದು ಬರೆದುಕೊಂಡು ಬಂದಿದ್ದಳು. ಇದರಲ್ಲಿ ಇಂಗ್ಲಿಷಿನ ವಾಸನೆ ಇದೆ, ಮನೆಯಲ್ಲಿ ಹೇಗೆ ಮಾತಾಡುತ್ತೀಯೋ ಹಾಗೆ ಬರಿ ಎಂದೆ. ತುಸು ಯೋಚಿಸಿ ಬರೆದಳು: 'ಇಲ್ಲೇ ನಿಮ್ಮಂಥಾವ್ರು ಇನ್ನೂ ಅದೀವಿ.' ಆ ಒಂದು ಸಾಲು ಹಾಕಿದ ವಾರದಲ್ಲಿ, ಅದುವರೆಗೆ ಮಾತಾಡದಿದ್ದ ಮೂವರು ಮಾತಾಡಿದರೆಂದು ಆಮೇಲೆ ತಿಳಿಸಿದಳು.

ಇದು ನಮ್ಮ ಊರಿನಲ್ಲೇ ಮೊದಲು ಹುಟ್ಟಿದ ಹುಚ್ಚೇನೂ ಅಲ್ಲ. ಮುಂಬಯಿಯ ಐಐಟಿಯಲ್ಲಿ 2011ರಲ್ಲೇ 'ಸಾಥಿ' ಎಂಬ ಗುಂಪು ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಅಂಥದೊಂದಿದೆ. ದೇಶದ ಬೇರೆ ಬೇರೆ ಐಐಟಿಗಳ ವಿದ್ಯಾರ್ಥಿಗಳೂ ಹಳೆಯ ವಿದ್ಯಾರ್ಥಿಗಳೂ 'ಪ್ರವೃತ್ತಿ' ಎಂಬ ಬಳಗದಲ್ಲಿ ಒಬ್ಬರನ್ನೊಬ್ಬರು ಕಂಡುಕೊಂಡರು. 2018ರ ಮೇ ತಿಂಗಳಲ್ಲಿ ಆ ಬಳಗದ 20 ಮಂದಿ ತಮ್ಮ ಹೆಸರು ಹಾಕಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. ಅದೇ ವರ್ಷ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರು ಒಪ್ಪಿ ನಡೆಸುವ ಬಾಳು ಅಪರಾಧವಲ್ಲವೆಂದು ತೀರ್ಪು ಕೊಟ್ಟಿತು. ನಾನು ಗಮನಿಸಬೇಕೆಂದು ಕೇಳುವುದು ಇದರ ಕ್ರಮವನ್ನು. ಮೊದಲು ಜೊತೆಯವರು ಸಿಕ್ಕರು, ಧೈರ್ಯ ಬಂತು, ಹೆಸರು ಕಟ್ಟಕಡೆಗೆ ಬಂತು. ನಮ್ಮ ಅರ್ಜಿ ನಮೂನೆ ಕಟ್ಟಕಡೆಯದನ್ನು ಮೊದಲು ಕೇಳುತ್ತದೆ.

ಈ ತೊಡಕು ಇನ್‌ಸ್ಟಾಗ್ರಾಂ ಫೇಸ್‌ಬುಕ್ ಯಾವುದೂ ಇಲ್ಲದ ಕಾಲದಲ್ಲೇ ಒಂದು ಕಡೆ ಎದುರಾಗಿತ್ತು, ಅಲ್ಲಿ ಬಿಡಿಸಿಯೂ ಆಗಿತ್ತು. 1966ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಒಬ್ಬ ವಿದ್ಯಾರ್ಥಿ ಇಂಥ ಸಂಘ ಕಟ್ಟಲು ಹೊರಟ. ಸ್ಟೀಫನ್ ಡೊನಾಲ್ಡ್‌ಸನ್ ಎಂಬುದು ಅವನು ಹೊರಗೆ ಬಳಸುತ್ತಿದ್ದ ಹೆಸರು, ನಿಜದ ಹೆಸರಲ್ಲ. ವಿಶ್ವವಿದ್ಯಾಲಯ ಸದಸ್ಯರ ಪಟ್ಟಿ ಕೇಳಿತು. ಪಟ್ಟಿ ಕೊಟ್ಟರೆ ಮಕ್ಕಳ ಬದುಕು ಹಾಳು, ಕೊಡದಿದ್ದರೆ ಸಂಘವಿಲ್ಲ. ತಿಂಗಳುಗಟ್ಟಲೆ ಕೆಲಸ ಅಲ್ಲೇ ನಿಂತಿತು. ಕೊನೆಗೆ ಡೊನಾಲ್ಡ್‌ಸನ್ ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿದ್ಯಾರ್ಥಿ ಮುಖಂಡರ ಬಳಿಗೆ ಹೋದ. ನೀವು ಸದಸ್ಯರೆಂದು ಹೆಸರು ಕೊಡಿ ಎಂದ. ಅವರು ಕೊಟ್ಟರು. ಯಾರಿಗೆ ಹೆಸರು ಹೇಳಿದರೆ ನಷ್ಟವಿಲ್ಲವೋ ಅವರ ಹೆಸರು ಕಾಗದದ ಮೇಲೆ ಹೋಯಿತು, ಯಾರಿಗೆ ನಷ್ಟವೋ ಅವರು ಮರೆಯಲ್ಲಿ ಉಳಿದರು. 1967ರ ಏಪ್ರಿಲ್ 19ರಂದು ಸಂಘಕ್ಕೆ ಮಾನ್ಯತೆ ಸಿಕ್ಕಿತು. ಆ ದೇಶದಲ್ಲೇ ಅಂಥ ಮೊದಲ ವಿದ್ಯಾರ್ಥಿ ಸಂಘ ಅದು. ಮಠದ ಬಂಧುಗಳು ಇನ್ನೊಂದು ವಿಷಯವನ್ನು ತಿಳಿಯಬೇಕು. ಆ ಸಂಘ ಮುಂದೆ ಸಭೆ ಸೇರುತ್ತಿದ್ದುದು ಅರ್ಲ್ ಹಾಲ್ ಎಂಬ ಕಟ್ಟಡದಲ್ಲಿ. ಅದು ವಿಶ್ವವಿದ್ಯಾಲಯದ ಧಾರ್ಮಿಕ ಚಟುವಟಿಕೆಗಳಿಗೆ ಮೀಸಲಾದ ಕಟ್ಟಡ. ಅಲ್ಲಿ ಜಾಗ ಕೊಟ್ಟದ್ದರಿಂದ ಯಾರ ದೇವರಿಗೂ ಮೈಲಿಗೆಯಾದ ಸುದ್ದಿ ಬಂದಿಲ್ಲ.

ತಂದೆತಾಯಿಗಳು ಒಪ್ಪುತ್ತಾರೆಯೇ ಎಂದು ಸಮಿತಿಯಲ್ಲಿ ಪ್ರಶ್ನೆ ಬಂತು. ಸರಿಯಾದ ಪ್ರಶ್ನೆ. ಆದರೆ ತಂದೆತಾಯಿಗೆ ಯಾವಾಗ ಹೇಳಬೇಕು, ಹೇಳಬೇಕೋ ಬೇಡವೋ ಎಂಬುದು ಹದಿನೆಂಟು ದಾಟಿದ ಆ ಮಗುವಿಗೆ ಬಿಟ್ಟದ್ದು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು, ಯಾರು ಯಾರನ್ನು ಪ್ರೀತಿಸುತ್ತಾರೆ ಎಂಬುದೂ ಅದರೊಳಗೆ ಬರುತ್ತದೆಂದು ಆ ತೀರ್ಪಿನಲ್ಲೇ ಇದೆ. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಯುಜಿಸಿಯ ರ್‍ಯಾಗಿಂಗ್ ವಿರೋಧಿ ನಿಯಮಗಳಿಗೆ 2016ರಲ್ಲಿ ಆದ ತಿದ್ದುಪಡಿಯಂತೆ ಈ ಕಾರಣಕ್ಕಾಗಿ ವಿದ್ಯಾರ್ಥಿಯನ್ನು ಹೀಯಾಳಿಸುವುದೂ ದೂರವಿಡುವುದೂ ರ್‍ಯಾಗಿಂಗೇ. ವೈದ್ಯರ ಬಳಿ ಒಯ್ದು ಸರಿಮಾಡಿಸುತ್ತೇವೆ ಎನ್ನುವವರಿಗೆ ಒಂದು ಮಾತು. ಹಾಗೆ ಬದಲಿಸುವ ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಪಿಯುಸಿ ಮಕ್ಕಳ ಮಾತು ಬೇರೆ. ನಮ್ಮ ಆವರಣದಲ್ಲೇ ಪಿಯು ಕಾಲೇಜೂ ಇದೆ, ಆ ವಯಸ್ಸಿನವರು ಈ ಸಂಘಕ್ಕೆ ಬರುವುದು ಬೇಡ ಎಂದು ನಾನೂ ಹೇಳಿದೆ. ಅವರು ಆಗಲೇ ಹಾಗೆ ನಿರ್ಧರಿಸಿದ್ದರು. ಚಿಕ್ಕವರು ಯಾರಾದರೂ ಸಂದೇಶ ಕಳಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನೂ, ನಂಬಬಹುದಾದ ಒಬ್ಬ ಉಪನ್ಯಾಸಕಿಯ ಹೆಸರನ್ನೂ ತಿಳಿಸುತ್ತಾರೆ. ಮುಂದೆ ಮಾತು ಬೆಳೆಸುವುದಿಲ್ಲ. ಆ ಉಪನ್ಯಾಸಕಿ ಒಬ್ಬರೇ ಇರುವುದು ನಮ್ಮ ಕೊರತೆ.

ಶರಣರು ಇದನ್ನು ಒಪ್ಪುತ್ತಿದ್ದರೇ ಎಂದು ಕೆಲವರು ನನ್ನನ್ನು ಕೇಳುತ್ತಾರೆ. ಆತ್ಮಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲವೆನ್ನುವ ಜೇಡರ ದಾಸಿಮಯ್ಯನವರ ವಚನ ನಮಗೆಲ್ಲ ಬಾಯಿಪಾಠ, ವೇದಿಕೆಯ ಮೇಲೆ ಅದನ್ನು ಹೇಳಿ ಚಪ್ಪಾಳೆಯನ್ನೂ ತೆಗೆದುಕೊಳ್ಳುತ್ತೇವೆ. ಹಾಗೆಂದು ಆ ಕಾಲದವರ ಬಾಯಲ್ಲಿ ನಮ್ಮ ಕಾಲದ ಮಾತನ್ನು ತುರುಕಲು ನನಗೆ ಇಷ್ಟವಿಲ್ಲ. ನನ್ನ ಕಣ್ಣಿಗೆ ಕಾಣುವುದು ಇಷ್ಟು. ನಮ್ಮ ಮಠಗಳ ಪ್ರಸಾದ ನಿಲಯಗಳಲ್ಲಿ ಎಲೆ ಹಾಕಿ ಬಡಿಸುವಾಗ ಯಾರ ಮಗ, ಯಾವ ಊರು ಎಂದು ಕೇಳಿ ಬಡಿಸುವುದಿಲ್ಲ. ನಾನು ಓದಿದ್ದೇ ಅಂಥ ಅನ್ನ ಉಂಡು. ಅಲ್ಲಿ ಪಂಕ್ತಿಯಲ್ಲಿ ಕುಳಿತ ಮಕ್ಕಳಲ್ಲಿ ಇಂಥವರು ಅಂದೂ ಇದ್ದರು, ಇಂದೂ ಇದ್ದಾರೆ.

ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು 2021ರಲ್ಲಿ ಇಬ್ಬರು ಯುವತಿಯರ ಮೊಕದ್ದಮೆ ಕೇಳುವಾಗ ಈ ವಿಷಯದಲ್ಲಿ ತಮ್ಮ ತಿಳಿವು ಸಾಲದೆಂದು ಒಪ್ಪಿಕೊಂಡರು. ಮನಶ್ಶಾಸ್ತ್ರಜ್ಞರೊಬ್ಬರ ಮುಂದೆ ಕುಳಿತು ಪಾಠ ಹೇಳಿಸಿಕೊಂಡು, ಆಮೇಲೆ ಆದೇಶ ಬರೆದರು. ನ್ಯಾಯಪೀಠದಲ್ಲಿ ಕುಳಿತವರು ಕಲಿಯಬಹುದಾದರೆ ನಮ್ಮ ಸಮಿತಿಯ ಏಳು ಜನ ಒಂದು ಮಧ್ಯಾಹ್ನ ಕುಳಿತು ಕಲಿಯಬಹುದು. ಹಾಗೊಂದು ಪಾಠ ಇಡೋಣವೆಂದು ನಾನು ಬರಹದಲ್ಲಿ ಕೇಳಿದ್ದೇನೆ. ಜೊತೆಗೆ ಇನ್ನೆರಡು ಕೋರಿಕೆ ಇವೆ. ಈ ಸಂಘಕ್ಕೆ ಸದಸ್ಯರ ಪಟ್ಟಿ ಕೇಳಬಾರದು, ಕೇಳಲೇಬೇಕೆಂದರೆ ಯಾರ ಸಹಿಯಾದರೂ ನಡೆಯಬೇಕು. ಮತ್ತು ವಾರಕ್ಕೊಂದು ದಿನ ಸಂಜೆ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಕೊಡಬೇಕು. ಕೋಣೆ ಸಿಕ್ಕರೆ ಆ ಮಕ್ಕಳು ಎಲ್ಲ ಮಾತನ್ನೂ ಫೋನಿನಲ್ಲೇ ಆಡಬೇಕಾಗಿಲ್ಲ. ಮೊಬೈಲನ್ನು ಬಯ್ಯುವ ನಮ್ಮ ಹಿರಿಯ ಸದಸ್ಯರಿಗೆ ಇದಾದರೂ ಹಿಡಿಸೀತು ಎಂದುಕೊಂಡಿದ್ದೇನೆ.

ಅಂದು ಸಂಜೆ ಕೊಲಂಬಿಯಾದ ಕಥೆ ಹೇಳಿ ಮುಗಿಸಿದ ಮೇಲೆ ಪೆನ್ನು ತೆಗೆದು ಆ ಹಾಳೆಯ ಮೊದಲ ಸಾಲಿನಲ್ಲಿ ನನ್ನ ಹೆಸರು ಬರೆದೆ. ರೋಲ್ ನಂಬರಿನ ಜಾಗದಲ್ಲಿ 'ನಿವೃತ್ತ' ಎಂದು ಹಾಕಿದೆ. ಹುಡುಗಿ ನಕ್ಕಳು, ಹುಡುಗ ಹಾಳೆಯನ್ನೇ ನೋಡುತ್ತ ಕುಳಿತಿದ್ದ. ಎರಡನೆಯ ಸಾಲಿನಲ್ಲಿ ಆ ಉಪನ್ಯಾಸಕಿಯ ಸಹಿಯಿದೆ, ಮೂರನೆಯದರಲ್ಲಿ ಕನ್ನಡ ಸಂಘದ ಅಧ್ಯಕ್ಷನಾದ ವಿದ್ಯಾರ್ಥಿಯದು. ದೀಪಾವಳಿ ರಜೆ ಮುಗಿದ ಮೇಲೆ ಸಮಿತಿ ಮತ್ತೆ ಸೇರುತ್ತದೆ. ಅಲ್ಲಿಯವರೆಗೆ ಹಾಳೆ ನನ್ನ ಮನೆಯಲ್ಲೇ ಇರುತ್ತದೆ. ಇನ್ನು ಏಳು ಸಾಲು ಖಾಲಿ ಇವೆ.